ಶಾಲೆ ಕಟ್ಟಿದ್ದು ಅವರು, ಬಾಗಿಲು ಹಾಕಿದ್ದು ನಾವು

ಇದನ್ನ ಬರೀಬೇಕೋ ಬೇಡವೋ ಅಂತ ಎರಡು ವಾರ ಯೋಚನೆ ಮಾಡಿದೆ. ಬರೆದ್ರೆ ಮನೆಯವರಿಗೆ ಬೇಜಾರು, ಬರೀದಿದ್ರೆ ನನಗೆ ಸಮಾಧಾನ ಇಲ್ಲ. ಕೊನೆಗೆ ಬರೆದೇ ಬಿಡೋಣ ಅಂತ ಕೂತಿದೀನಿ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ನಮ್ಮೂರು ಸೊರಬ ತಾಲ್ಲೂಕಿನ ಆನವಟ್ಟಿ ಕಡೆ. ಅಪ್ಪ ನೌಕರಿಯಲ್ಲಿದ್ದಾಗ ಶಿಕಾರಿಪುರದಲ್ಲಿ ಒಂದು ಸಣ್ಣ ಮನೆ ಕಟ್ಟಿಸಿದ್ರು. ಅಪ್ಪ ತೀರಿಕೊಂಡ ಮೇಲೆ ಮುಂದಿನ ಭಾಗದಲ್ಲಿ ಅಣ್ಣನ ಸಂಸಾರ ಇದೆ. ಹಿಂದಿನ ಎರಡು ಕೋಣೆ, ಒಂದು ಪುಟ್ಟ ಅಡುಗೆಮನೆ ನನ್ನ ಪಾಲಿಗೆ ಬಂದಿದೆ. ನಾನಿರೋದು ಬೆಂಗಳೂರಲ್ಲಿ, ಹಾಗಾಗಿ ಅದಕ್ಕೆ ಬೀಗ. ವರ್ಷಕ್ಕೆರಡು ಸಲ ಹೋಗಿ ಜೇಡರ ಬಲೆ ತೆಗೆದು ಬರ್ತೀನಿ ಅಷ್ಟೆ.

ಮೊನ್ನೆ ಊರಿಗೆ ಹೋಗುವಾಗ ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ. ಹೈಸ್ಕೂಲಲ್ಲಿ ನನ್ನ ಜೊತೆ ಒಂದೇ ಬೆಂಚಲ್ಲಿ ಕೂತವನ ಗ್ಯಾರೇಜು ಅಲ್ಲೇ ಇದೆ. ಅವನು ಏಳನೇ ಕ್ಲಾಸಿನವರೆಗೆ ಉರ್ದು ಶಾಲೆಯಲ್ಲಿ ಓದಿ, ಎಂಟನೇ ಕ್ಲಾಸಿಗೆ ನಮ್ಮ ಕನ್ನಡ ಶಾಲೆಗೆ ಬಂದವನು. ಗಣಿತದಲ್ಲಿ ನಮಗೆಲ್ಲ ಅವನೇ ಗುರು. ಆದ್ರೆ ಕನ್ನಡದ ಒತ್ತಕ್ಷರ ಅವನಿಗೆ ಒಲೀಲಿಲ್ಲ. ಸಮಾಜ, ವಿಜ್ಞಾನ ಎಲ್ಲ ಗೊತ್ತಿದ್ರೂ ಬರೆಯೋಕೆ ಬರದೆ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಸ್ಪ್ಯಾನರ್ ಹಿಡಿದ. ನಾನು ಪಾಸಾಗಿ ಶಿವಮೊಗ್ಗಕ್ಕೆ ಹೋದೆ. ನಮ್ಮಿಬ್ಬರ ನಡುವಿನ ಅಂತರ ಅಷ್ಟೇ, ಕೆಲವು ಒತ್ತಕ್ಷರ.

"ಏನ್ ಮಾರಾಯ, ದಾರಿ ತಪ್ಪಿ ಬಂದ್ಯಾ?" ಅಂತ ಕೈ ಒರೆಸಿಕೊಂಡು ಚಾ ತರಿಸಿದ. ಅದೂ ಇದೂ ಮಾತಾಡಿ ಕೊನೆಗೆ ಹೇಳಿದ. ಅವನ ಎರಡನೇ ಮಗಳಿಗೆ ಶಿಕಾರಿಪುರದಲ್ಲಿ ಪಿಯುಸಿ ಸೈನ್ಸಿಗೆ ಸೀಟು ಸಿಕ್ಕಿದೆ. ಫೀಸಿನ ದೊಡ್ಡ ಪಾಲನ್ನ ಅವರ ಜಮಾತಿನವರು ಕಟ್ಟಿದ್ದಾರೆ. ಅವನ ಮನೆ ಇರೋದು ಶಿರಾಳಕೊಪ್ಪದಿಂದಾಚೆ ಹಳ್ಳಿಯಲ್ಲಿ. ಬೆಳಗಿನ ಬಸ್ಸು ಹಿಡಿದ್ರೆ ಮೊದಲ ಪೀರಿಯಡ್ಡು ತಪ್ಪುತ್ತೆ, ಸಂಜೆ ಲ್ಯಾಬ್ ಮುಗಿಸಿದ್ರೆ ಕೊನೇ ಬಸ್ಸು ತಪ್ಪುತ್ತೆ. ಸರ್ಕಾರಿ ಹಾಸ್ಟೆಲಿಗೆ ಅರ್ಜಿ ಹಾಕಿದ್ದಾರೆ, ಇನ್ನೂ ಕರೆದಿಲ್ಲ.

"ನಿಮ್ಮನೆ ಹಿಂದಿನ ರೂಮು ಖಾಲಿ ಐತಲ್ಲ... ಇವಳು, ನನ್ನ ತಂಗಿ ಮಗಳು, ಜೊತೆಗೆ ನಮ್ಮಮ್ಮ ಇರ್ತಾರೆ. ಬಾಡಿಗೆ ಏನೈತೋ ಅದನ್ನ ಮೊದಲೇ ಕೊಡ್ತೀನಿ."

ಅಮ್ಮ ಅಂದ್ರೆ, ನಾನು ಹೈಸ್ಕೂಲಲ್ಲಿದ್ದಾಗ ರಂಜಾನಿಗೆ ನನಗೂ ಒಂದು ಡಬ್ಬಿ ಶೀರ್‌ಕುರ್ಮ ಕಳಿಸ್ತಿದ್ದ ಅಮ್ಮ. ನನಗೆ ಆ ಕ್ಷಣ ಖುಷಿಯೇ ಆಯ್ತು. ಅಣ್ಣನಿಗೆ ಒಂದು ಮಾತು ಹೇಳಿ ತಿಳಿಸ್ತೀನಿ ಅಂದೆ.

ಅಣ್ಣನಿಗೆ ಫೋನ್ ಮಾಡಿದೆ. "ನಿನಗೇನು, ಬೆಂಗಳೂರಲ್ಲಿ ಕೂತಿರ್ತೀಯ. ಇಲ್ಲಿ ಓಣಿಯವರಿಗೆ ಉತ್ತರ ಕೊಡೋನು ನಾನು. ಇವತ್ತು ಎರಡು ಹುಡುಗೀರು ಅಂತಾರೆ, ನಾಳೆ ಏನಾದ್ರೂ ಗಲಾಟೆ ಆದ್ರೆ? ಬೇಡ." ಅಣ್ಣ ಕೆಟ್ಟವನಲ್ಲ. ಅವನ ಅಡಿಕೆ ವ್ಯಾಪಾರದಲ್ಲಿ ಅರ್ಧ ಜನ ಮುಸ್ಲಿಮರೇ. ಹಬ್ಬಕ್ಕೆ ಅವರ ಮನೆಗೆ ಹೋಗಿ ಬರ್ತಾನೆ. ಆದ್ರೆ ಮನೆ ಬಾಡಿಗೆಗೆ? ಬೇಡ.

ನಾನು ವಾದ ಮಾಡಲಿಲ್ಲ. ಸುಮ್ಮನಾದೆ. ಇನ್ನೂ ನಾಚಿಕೆಯ ವಿಷಯ ಅಂದ್ರೆ, ಗೆಳೆಯನಿಗೆ ಫೋನ್ ಮಾಡಿ "ಬೇರೆಯವರಿಗೆ ಆಗಲೇ ಮಾತು ಕೊಟ್ಟುಬಿಟ್ಟಿದ್ದಾನಂತೆ ಕಣೋ" ಅಂತ ಸುಳ್ಳು ಹೇಳಿದೆ. ಅವನು ಒಂದು ಗಳಿಗೆ ಸುಮ್ಮನಿದ್ದು "ಇರ್ಲಿ ಬಿಡು, ನೋಡಾಣ" ಅಂದ. ಅವನಿಗೆ ಗೊತ್ತಾಗಿತ್ತು. ಅವನಿಗೆ ಗೊತ್ತಾಗಿದೆ ಅಂತ ನನಗೂ ಗೊತ್ತಾಯ್ತು.

* * *

ಇದೇ ನಾನು ಎಷ್ಟೋ ಸಲ ಸೌಹಾರ್ದದ ಬಗ್ಗೆ ಉದ್ದುದ್ದ ಬರೆದಿದೀನಿ. ಶರೀಫಜ್ಜ, ಗೋವಿಂದಭಟ್ಟರು ಅಂತೆಲ್ಲ. ನೀವೂ ಓದಿ ಚೆನ್ನಾಗಿದೆ ಅಂದಿದೀರಿ. ಈಗ ಅದೆಲ್ಲ ನೆನಪಾದ್ರೆ ಮುಖ ಮುಚ್ಚಿಕೊಳ್ಳೋ ಹಾಗಾಗುತ್ತೆ.

ಆವತ್ತು ರಾತ್ರಿ ಊಟಕ್ಕೆ ಕೂತಾಗ ನಮ್ಮ ಸಂಬಂಧಿಕರೊಬ್ಬರು ಒಂದು ಮಾತು ಹೇಳಿದ್ರು. ನೀವೂ ಇದನ್ನ ಎಲ್ಲಾದ್ರೂ ಕೇಳಿರ್ತೀರಿ. "ಅವರು ಎಲ್ಲದಕ್ಕೂ ಬೇರೆನೇ ಮಾಡ್ಕೋತಾರೆ. ಬೇರೆ ಶಾಲೆ, ಬೇರೆ ಹಾಸ್ಟೆಲು, ಬೇರೆ ಸಂಘ. ನಮ್ಮ ಜೊತೆ ಬೆರೆಯೋಲ್ಲ." ನಾನು ಅನ್ನ ಕಲೆಸ್ತಾ ಯೋಚನೆ ಮಾಡಿದೆ. ಬೆರೆಯೋಕೆ ಅಂತ ಬಂದ ಎರಡು ಹುಡುಗೀರಿಗೆ ಮಧ್ಯಾಹ್ನ ತಾನೆ ಬಾಗಿಲು ಹಾಕಿದ ಮನೆ ಇದು!

ಸರಿ, "ಬೇರೆ ಸಂಘ" ಅನ್ನೋ ದೂರನ್ನೇ ತಗೊಳ್ಳೋಣ. ನಾನು ಶಿವಮೊಗ್ಗದಲ್ಲಿ ಓದಿದ್ದು ಎಲ್ಲಿದ್ದುಕೊಂಡು? ನಮ್ಮ ಜಾತಿಯ ಹಾಸ್ಟೆಲಿನಲ್ಲಿ. ನಿಮ್ಮಲ್ಲೂ ಎಷ್ಟೋ ಜನರ ಅಪ್ಪಂದಿರು ಹಾಗೇ ಓದಿದವರು. ಮೈಸೂರು ಸಂಸ್ಥಾನದಲ್ಲಿ 1905ರಲ್ಲಿ ಲಿಂಗಾಯತರ ವಿದ್ಯಾನಿಧಿ ಸಂಘ ಶುರುವಾಯ್ತು, 1906ರಲ್ಲಿ ಒಕ್ಕಲಿಗರ ಸಂಘ, 1909ರಲ್ಲಿ ಮುಸ್ಲಿಮರ ಸೆಂಟ್ರಲ್ ಮಹಮ್ಮದನ್ ಅಸೋಸಿಯೇಷನ್. ಅತ್ತ ಬೆಳಗಾವಿಯಲ್ಲಿ 1916ರಲ್ಲಿ ಕೆಎಲ್ಇ. ಎಲ್ಲರ ಉದ್ದೇಶವೂ ಒಂದೇ: ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ಊಟ, ಮಲಗೋಕೆ ಜಾಗ, ಫೀಸಿಗೆ ದುಡ್ಡು. ಕರ್ನಾಟಕ ಓದಿ ಮುಂದೆ ಬಂದಿದ್ದೇ ಈ ದಾರಿಯಲ್ಲಿ. ಲಿಂಗಾಯತರ ಹಾಸ್ಟೆಲ್ಲಿಗೆ, ಒಕ್ಕಲಿಗರ ಹಾಸ್ಟೆಲ್ಲಿಗೆ, ಬ್ರಾಹ್ಮಣರ ವಿದ್ಯಾರ್ಥಿ ನಿಲಯಕ್ಕೆ "ನೀವು ಬೆರೆಯೋಲ್ಲ" ಅಂತ ಯಾರೂ ಹೇಳಲ್ಲ. ಮುಸ್ಲಿಮರು ಅದನ್ನೇ ಮಾಡಿದ್ರೆ ಮಾತ್ರ ನಮಗೆ ಅನುಮಾನ. ಯಾಕೆ?

ಅವರ ಸಂಸ್ಥೆಗಳನ್ನ ಸ್ವಲ್ಪ ಹತ್ತಿರದಿಂದ ನೋಡಿದ್ರೆ ಈ ಅನುಮಾನ ನಿಲ್ಲೋದಿಲ್ಲ. ನಮ್ಮ ಕಡೆಯಿಂದ ಸಾಗರ, ಜೋಗ ದಾಟಿ ಘಟ್ಟ ಇಳಿದ್ರೆ ಭಟ್ಕಳ. ಪೇಪರಿನಲ್ಲಿ ಭಟ್ಕಳ ಅಂತ ಓದಿದ ತಕ್ಷಣ ನಿಮಗೆ ಏನು ನೆನಪಾಗುತ್ತೋ ನನಗೂ ಅದೇ ನೆನಪಾಗ್ತಿತ್ತು. ಆದ್ರೆ ಅಲ್ಲಿ 1919ರಲ್ಲೇ ನವಾಯತರು ಅಂಜುಮನ್ ಹಾಮಿಯೇ ಮುಸ್ಲಿಮೀನ್ ಅಂತ ಸಂಸ್ಥೆ ಕಟ್ಟಿದ್ರು. ಶಾಲೆಯಿಂದ ಶುರುವಾಗಿ 1968ರಲ್ಲಿ ಡಿಗ್ರಿ ಕಾಲೇಜು, 1980ರಲ್ಲಿ ಇಂಜಿನಿಯರಿಂಗ್ ಕಾಲೇಜು. 1980 ಅಂದ್ರೆ ಆ ಕರಾವಳಿಯ ಹುಡುಗ ಇಂಜಿನಿಯರ್ ಆಗಬೇಕಾದ್ರೆ ಊರು ಬಿಟ್ಟು ದೂರ ಹೋಗಬೇಕಿದ್ದ ಕಾಲ. ಅಂಥಾ ಕಡೆ ಮನೆ ಬಾಗಿಲಲ್ಲಿ ಕಾಲೇಜು ಬಂದ್ರೆ ಓದೋದು ಒಂದೇ ಸಮುದಾಯದ ಮಕ್ಕಳಲ್ಲ, ಆ ಸೀಮೆಯ ಮಕ್ಕಳು.

ಈ ಕಡೆ ಹಾನಗಲ್ ದಾರಿ ಹಿಡಿದ್ರೆ ಹುಬ್ಬಳ್ಳಿ. ಅಲ್ಲಿನ ಅಂಜುಮನ್-ಎ-ಇಸ್ಲಾಂ ನಡೆಸೋ ಕಾಲೇಜಿನ ಹೆಸರೇನು ಗೊತ್ತಾ? ನೆಹರೂ ಕಾಲೇಜು! ಬೆಂಗಳೂರಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ ಅಂತ ಒಬ್ಬ ಶಸ್ತ್ರವೈದ್ಯರು 1966ರಲ್ಲಿ ಅಲ್-ಅಮೀನ್ ಶಿಕ್ಷಣ ಸಂಸ್ಥೆ ಶುರು ಮಾಡಿದ್ರು. ಆಪರೇಷನ್ ಮಾಡಿಕೊಂಡು ಆರಾಮಾಗಿ ಇರಬಹುದಿತ್ತು, ಅದು ಬಿಟ್ಟು ಊರೂರು ತಿರುಗಿ ಶಾಲೆ ಕಾಲೇಜು ಕಟ್ಟಿದ್ರು. 2021ರ ಮೇನಲ್ಲಿ ತೀರಿಕೊಂಡ್ರು. ಕೋವಿಡ್ ಗಲಾಟೆಯಲ್ಲಿ ಆ ಸುದ್ದಿ ನಮ್ಮಲ್ಲಿ ಎಷ್ಟು ಜನರ ಕಣ್ಣಿಗೆ ಬಿತ್ತೋ.

ಬೀದರಿನ ಶಾಹೀನ್ ಸಂಸ್ಥೆಯ ಕತೆ ಇನ್ನೂ ಹತ್ತಿರದ್ದು. 1989ರಲ್ಲಿ ಹದಿನೆಂಟು ಮಕ್ಕಳಿಂದ ಶುರುವಾದ ಶಾಲೆ. ಡಾ. ಅಬ್ದುಲ್ ಖದೀರ್ ಅವರು ಅದನ್ನ ಎಲ್ಲಿಗೆ ತಂದ್ರು ಅಂದ್ರೆ ಮದರಸಾದಲ್ಲಿ ಕುರಾನ್ ಬಾಯಿಪಾಠ ಮಾಡಿದ, ಗಣಿತ ವಿಜ್ಞಾನದ ಗಂಧವೇ ಇಲ್ಲದ ಹುಡುಗರನ್ನ ಕರೆತಂದು, ಬೇರೆಯಾಗಿ ಪಾಠ ಮಾಡಿ, ನೀಟ್ ಪರೀಕ್ಷೆಗೆ ಕೂರಿಸೋ ಮಟ್ಟಕ್ಕೆ. ಬೇರೆ ಧರ್ಮದ ಮಕ್ಕಳೂ ಡಾಕ್ಟರ್ ಆಗೋ ಆಸೆಯಿಂದ ಅಲ್ಲಿಗೆ ಹೋಗಿ ಸೇರ್ತಾರೆ. ಅದೇ ಶಾಲೆಯ ಮಕ್ಕಳು 2020ರ ಜನವರಿಯಲ್ಲಿ ಪೌರತ್ವ ಕಾಯ್ದೆ ಬಗ್ಗೆ ಒಂದು ನಾಟಕ ಆಡಿದ್ದಕ್ಕೆ ದೇಶದ್ರೋಹದ ಕೇಸು ಬಿತ್ತು. ಮುಖ್ಯೋಪಾಧ್ಯಾಯಿನಿ, ಒಬ್ಬ ಮಗುವಿನ ತಾಯಿ ಜೈಲಿಗೆ ಹೋದ್ರು. ಪೊಲೀಸರು ಮಕ್ಕಳನ್ನ ಕೂರಿಸಿ ಮತ್ತೆ ಮತ್ತೆ ಪ್ರಶ್ನೆ ಕೇಳಿದ್ರು. 2023ರಲ್ಲಿ ಹೈಕೋರ್ಟು ಆ ಕೇಸನ್ನ ರದ್ದು ಮಾಡ್ತು. ಮೂರು ವರ್ಷ ಬೇಕಾಯ್ತು.

* * *

ಈಗ ಸ್ವಲ್ಪ ದೂರ ಹೋಗಿ ಬರೋಣ. ವೆಸ್ಟ್ ಇಂಡೀಸಿಗೆ!

ನಮ್ಮಪ್ಪ ಕ್ರಿಕೆಟ್ ಹುಚ್ಚರು. 1976ರ ಏಪ್ರಿಲಿನಲ್ಲಿ ಪೋರ್ಟ್ ಆಫ್ ಸ್ಪೇನಿನಲ್ಲಿ ಭಾರತ ನಾಲ್ಕನೇ ಇನಿಂಗ್ಸಲ್ಲಿ 403 ರನ್ ಬೆನ್ನಟ್ಟಿ ಗೆದ್ದ ಕತೆಯನ್ನ ನೂರು ಸಲ ಹೇಳಿರಬಹುದು. ನಮ್ಮ ವಿಶ್ವನಾಥ್ 112, ನಮ್ಮ ಬ್ರಿಜೇಶ್ ಪಟೇಲ್ 49 ನಾಟ್ ಔಟ್. ಆವತ್ತು ಅವರಿಗೆ ಸ್ಪಿನ್ ಹಾಕಿದವರಲ್ಲಿ ಇಬ್ಬರ ಹೆಸರು ಇಮ್ತಿಯಾಜ್ ಅಲಿ, ರಫೀಕ್ ಜುಮಾದೀನ್. ಚಿಕ್ಕವನಿದ್ದಾಗ ನಾನು ಕೇಳ್ತಿದ್ದೆ, "ಅಪ್ಪ, ವೆಸ್ಟ್ ಇಂಡೀಸಲ್ಲಿ ಸಾಬರು ಎಲ್ಲಿಂದ ಬಂದ್ರು?"

ಎಲ್ಲಿಂದ ಅಂದ್ರೆ ನಮ್ಮ ದೇಶದಿಂದಲೇ. 1845ರ ಮೇ 30ಕ್ಕೆ ಫತೇಲ್ ರಜಾಕ್ ಅನ್ನೋ ಹಡಗು ಕಬ್ಬಿನ ತೋಟದ ಕೂಲಿಗೆ ಅಂತ ಕಲ್ಕತ್ತಾದಿಂದ ಇನ್ನೂರಕ್ಕೂ ಹೆಚ್ಚು ಜನರನ್ನ ಹೊತ್ತು ಟ್ರಿನಿಡಾಡ್ ಮುಟ್ಟಿತು. ಹಿಂದೂಗಳೂ ಮುಸ್ಲಿಮರೂ ಒಂದೇ ಹಡಗಿನಲ್ಲಿ ಹೋದವರು. ಅಲ್ಲಿ ಅವರ ಮಕ್ಕಳಿಗೆ ಓದಬೇಕು ಅಂದ್ರೆ ಇದ್ದದ್ದು ಚರ್ಚಿನ ಶಾಲೆಗಳು. ಓದೋದೇನೋ ಓದಬಹುದಿತ್ತು, ಆದ್ರೆ ಮೇಷ್ಟ್ರಾಗಬೇಕು ಅಂದ್ರೆ ಎಷ್ಟೋ ಸಲ ಹೆಸರು, ಧರ್ಮ ಎರಡೂ ಬದಲಾಯಿಸಿಕೊಳ್ಳಬೇಕಿತ್ತು. 1930ರ ದಶಕದಲ್ಲಿ ಅಲ್ಲಿನ ಮುಸ್ಲಿಮರು ಅಂಜುಮನ್ ಸುನ್ನತುಲ್ ಜಮಾತ್ ಅಂತ ಸಂಘ ಕಟ್ಟಿದ್ರು. ಭಟ್ಕಳದಲ್ಲಿ, ಹುಬ್ಬಳ್ಳಿಯಲ್ಲಿ ಇರೋ ಅದೇ ಪದ, ಅಂಜುಮನ್! ಸಮುದ್ರ ದಾಟಿದ್ರೂ ಪದ ಬದಲಾಗಿಲ್ಲ, ಕೆಲಸವೂ ಬದಲಾಗಿಲ್ಲ. 1940ರ ದಶಕದ ಕೊನೆಗೆ ಸರ್ಕಾರ ಕ್ರೈಸ್ತರಲ್ಲದವರ ಶಾಲೆಗೂ ಅನುದಾನ ಕೊಡೋಕೆ ಒಪ್ಪಿತು.

ಆಮೇಲೆ ಆದದ್ದೇ ನನಗೆ ಮುಖ್ಯ ಅನ್ನಿಸೋದು. 1960ರಲ್ಲಿ ಸರ್ಕಾರಕ್ಕೂ ಧಾರ್ಮಿಕ ಸಂಸ್ಥೆಗಳಿಗೂ ಒಂದು ಒಪ್ಪಂದ ಆಯ್ತು. ಅನುದಾನ ತಗೊಳ್ಳೋ ಹೈಸ್ಕೂಲಲ್ಲಿ ನೂರಕ್ಕೆ ಎಂಬತ್ತು ಸೀಟು ಸಾರ್ವಜನಿಕ ಪರೀಕ್ಷೆಯ ಅಂಕದ ಮೇಲೆ, ಯಾವ ಧರ್ಮದ ಮಗುವಾದ್ರೂ ಸರಿ. ಉಳಿದ ಇಪ್ಪತ್ತು ಮಾತ್ರ ಸಂಸ್ಥೆಯ ಇಷ್ಟ. ಶಾಲೆ ಅಂಜುಮನ್ನಿನದ್ದು, ಪಕ್ಕದ ಬೆಂಚಲ್ಲಿ ಕೂತವನು ಹಿಂದೂನೋ ಕ್ರೈಸ್ತನೋ ಆಗಿರ್ತಾನೆ. ಅದರ ಮೇಲೆ ಅಲ್ಲಿಯೂ ಇವತ್ತಿಗೂ ಜಗಳ, ಟೀಕೆ ಇದೆ. ಆದ್ರೆ ಸಮುದಾಯದ ಸಂಸ್ಥೆಯನ್ನ ಮುಚ್ಚಿಸದೆ, ಅದರ ಬಾಗಿಲನ್ನ ದೊಡ್ಡದು ಮಾಡಿಸಿದ್ರು ನೋಡಿ, ಅದು ಜಾಣತನ.

ಟ್ರಿನಿಡಾಡ್ ಏನು ಸ್ವರ್ಗ ಅಲ್ಲ. 1990ರ ಜುಲೈ 27ಕ್ಕೆ ಜಮಾತ್ ಅಲ್ ಮುಸ್ಲಿಮೀನ್ ಅನ್ನೋ ಬಂದೂಕಿನ ಗುಂಪು ಅಲ್ಲಿನ ಪಾರ್ಲಿಮೆಂಟಿಗೇ ನುಗ್ಗಿ ಪ್ರಧಾನಿಯನ್ನ ಒತ್ತೆ ಇಟ್ಟುಕೊಂಡಿತ್ತು. ಆಗ ಆ ದೇಶದ ರಾಷ್ಟ್ರಾಧ್ಯಕ್ಷರಾಗಿದ್ದವರು ನೂರ್ ಹಸನಾಲಿ, ಮುಸ್ಲಿಮರು. ಅಂಥಾ ಘಟನೆ ಆದ ಮೇಲೆ ಏನಾಗಬಹುದಿತ್ತು ಅಂತ ನಾವು ಊಹಿಸಬಹುದು. ಆದದ್ದು ಏನಂದ್ರೆ 1992ರಲ್ಲಿ ಅವರೇ ಮತ್ತೆ ಆಯ್ಕೆಯಾಗಿ 1997ರವರೆಗೆ ಇದ್ರು. ಯಾರೋ ಮಾಡಿದ ಪಾಪವನ್ನ ಹೆಸರಿನ ಹೋಲಿಕೆ ನೋಡಿ ಇನ್ಯಾರದೋ ತಲೆಗೆ ಕಟ್ಟಲಿಲ್ಲ.

ನಮ್ಮಲ್ಲೂ ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ನಡೆಸೋ ಹಕ್ಕು ಕೊಟ್ಟಿದೆ. ಅದರ ಹಿಂದಿನ 29ನೇ ವಿಧಿ, ಸರ್ಕಾರದ ದುಡ್ಡು ತಗೊಳ್ಳೋ ಶಾಲೆ ಬರೀ ಧರ್ಮ, ಜಾತಿ, ಭಾಷೆ ನೋಡಿ ಸೀಟು ಇಲ್ಲ ಅನ್ನೋ ಹಾಗಿಲ್ಲ ಅಂತ ಹೇಳುತ್ತೆ. ಶಾಲೆಯ ಬಾಗಿಲಿಗೆ ಕಾನೂನಿದೆ. ಮನೆ ಬಾಗಿಲಿಗೆ ಏನಿದೆ?

* * *

ಗೆಳೆಯನ ದೊಡ್ಡ ಮಗಳ ವಿಷಯ ಹೇಳಲಿಲ್ಲ. 2022ರ ಫೆಬ್ರವರಿಯಲ್ಲಿ ಅವಳು ಪಿಯುಸಿ ಓದ್ತಿದ್ಲು. ಆಗಿನದೆಲ್ಲ ನಿಮಗೆ ನೆನಪಿದೆ. ಫೆಬ್ರವರಿ 5ಕ್ಕೆ ಸರ್ಕಾರದ ಸಮವಸ್ತ್ರದ ಆದೇಶ, ಮಾರ್ಚ್ 15ಕ್ಕೆ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಎರಡು ಅಭಿಪ್ರಾಯ. ಟೀವಿಯಲ್ಲಿ ಆ ಚರ್ಚೆ ಮುಗಿಯೋ ಹೊತ್ತಿಗೆ ಈ ಹುಡುಗಿಯ ಓದು ಮುಗಿದಿತ್ತು. ಸ್ಕಾರ್ಫ್ ಹಾಕೋದು ಸರಿಯೋ ತಪ್ಪೋ ಅಂತ ನಾವು ಎಷ್ಟು ಬೇಕಾದ್ರೂ ವಾದ ಮಾಡೋಣ. ಆದ್ರೆ ಆ ವಾದದ ಬಿಲ್ಲು ಕಟ್ಟಿದ್ದು ಅವಳು. ಎರಡನೆಯವಳಿಗಾದ್ರೂ ಹಾಗಾಗಬಾರದು ಅಂತ ಅಪ್ಪ ಒದ್ದಾಡ್ತಿದ್ದಾನೆ. ನಾನು ಬೀಗ ತೆಗೆಯದೆ ಕಳಿಸಿದ್ದು ಅಂಥವನನ್ನ.

ಸ್ವಲ್ಪ ಅಂಕಿ ನೋಡಿ. 2006ರ ಸಾಚಾರ್ ಸಮಿತಿ ವರದಿಯ ಪ್ರಕಾರ ಶಾಲೆ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದರಸಾಕ್ಕೆ ಹೋಗೋರು ನೂರಕ್ಕೆ ಮೂರು ನಾಲ್ಕು ಜನ ಮಾತ್ರ. "ಅವರೆಲ್ಲ ಮದರಸಾಕ್ಕೆ ಹೋಗ್ತಾರೆ" ಅನ್ನೋ ಮಾತು ಅಲ್ಲಿಗೆ ಮುಗೀತು. ಇನ್ನೊಂದು ಆಶ್ಚರ್ಯ ಕೇಳಿ: 2001ರ ಜನಗಣತಿಯಲ್ಲಿ ಕರ್ನಾಟಕದ ಮುಸ್ಲಿಮರ ಸಾಕ್ಷರತೆ ಶೇ. 70, ಇಡೀ ರಾಜ್ಯದ್ದು ಶೇ. 66.6. ಅಂದ್ರೆ ಓದು ಬರಹ ಕಲಿಯೋದ್ರಲ್ಲಿ ಅವರು ಮುಂದೆ. ಹಿಂದೆ ಬೀಳೋದು ಆಮೇಲೆ. ದೇಶದಲ್ಲಿ ಇಪ್ಪತ್ತು ದಾಟಿದ ಮುಸ್ಲಿಮರಲ್ಲಿ ಡಿಗ್ರಿ, ಡಿಪ್ಲೊಮಾ ಮುಗಿಸಿದವರು ಆಗ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ, ಎಲ್ಲರನ್ನೂ ಸೇರಿಸಿದ್ರೆ ಸುಮಾರು ಏಳು. ಅಕ್ಷರ ಕಲಿತ ಮಕ್ಕಳು ಕಾಲೇಜಿಗೆ ಬರೋ ದಾರಿಯಲ್ಲಿ ಎಲ್ಲೋ ಕಳೆದುಹೋಗ್ತಾರೆ. ಎಲ್ಲಿ ಅಂತ ಕೇಳಿದ್ರೆ ನನ್ನ ಬಳಿ ಉತ್ತರ ಇದೆ. ಒತ್ತಕ್ಷರದಲ್ಲಿ, ಕೊನೇ ಬಸ್ಸಿನಲ್ಲಿ, ಸಿಗದ ಬಾಡಿಗೆ ಕೋಣೆಯಲ್ಲಿ.

ಬಸ್ಸಿನ ಮಾತು ಬಂತು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಯ್ತು, ಒಳ್ಳೇದೇ. ಆದ್ರೆ ನಮ್ಮ ಮಲೆನಾಡಿನ ಹಳ್ಳಿ ರೂಟುಗಳಲ್ಲಿ ಓಡೋದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿ ಆಧಾರ್ ಕಾರ್ಡ್ ತೋರಿಸಿದ್ರೆ ಕಂಡಕ್ಟರ್ ನಗ್ತಾನೆ. 2022ರಲ್ಲಿ ಕೇಂದ್ರ ಸರ್ಕಾರ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನ 9, 10ನೇ ತರಗತಿಗೆ ಮಾತ್ರ ಉಳಿಸಿ, ಚಿಕ್ಕ ತರಗತಿಯವರಿಗೆ ನಿಲ್ಲಿಸಿತು. ಆ ಖಾಲಿ ಜಾಗ ತುಂಬೋಕೆ ಈಗ ಓಡಾಡ್ತಿರೋದು ಊರೂರಿನ ಜಮಾತುಗಳು.

ಗೆಳೆಯನ ಜಮಾತಿನವರು ಹೇಗೆ ದುಡ್ಡು ಹೊಂದಿಸ್ತಾರೆ ಅಂತ ಕೇಳಿದೆ. ಉಳಿತಾಯದಲ್ಲಿ ವರ್ಷಕ್ಕೆ ನೂರಕ್ಕೆ ಎರಡೂವರೆ ಜಕಾತ್ ಕೊಡಬೇಕು, ಅದು ಅವರ ಧರ್ಮದ ಕಟ್ಟಳೆ. ಅಡಿಕೆ, ಶುಂಠಿ ವ್ಯಾಪಾರದವರು ಕೊಟ್ಟದ್ದನ್ನ ಒಟ್ಟು ಮಾಡಿ ಬಡವರ ಮಕ್ಕಳ ಫೀಸಿಗೆ ಹಾಕ್ತಾರೆ. ಜಕಾತಿನ ದುಡ್ಡು ಸಾಮಾನ್ಯವಾಗಿ ತಮ್ಮವರಿಗೇ ಸೇರಬೇಕು ಅಂತ ನಿಯಮ. ಸದಖಾ ಅಂದ್ರೆ ಮನಸಾರೆ ಕೊಡೋ ದಾನ, ಅದನ್ನ ಯಾರಿಗೆ ಬೇಕಾದ್ರೂ ಕೊಡಬಹುದು. ಹಾಗಾಗಿ ಇವರು ಎರಡು ಲೆಕ್ಕದ ಪುಸ್ತಕ ಇಟ್ಟಿದ್ದಾರೆ. ಎರಡನೇ ಪುಸ್ತಕದಿಂದ ಈ ವರ್ಷ ಒಬ್ಬ ಲಂಬಾಣಿ ಹುಡುಗಿಯ ಫೀಸು ಕಟ್ಟಿದ್ದಾರೆ. "ಅವಳಪ್ಪ ನಮ್ಮ ಹತ್ರ ಶುಂಠಿ ಕೀಳೋಕೆ ಬರ್ತಾನೆ ಕಣೋ, ಮಗು ಚೆನ್ನಾಗಿ ಓದ್ತೈತೆ, ಬಿಡಕ್ಕಾಗುತ್ತಾ?" ಇಷ್ಟೇ ಅವನ ವಿವರಣೆ. ಇದಕ್ಕೆ ಸೌಹಾರ್ದ ಅನ್ನೋ ದೊಡ್ಡ ಹೆಸರಿದೆ ಅಂತ ಅವನಿಗೆ ಹೊಳೆದೂ ಇಲ್ಲ. ಫೋಟೋ ತೆಗೆಸಿಲ್ಲ, ಬ್ಯಾನರ್ ಕಟ್ಟಿಲ್ಲ.

* * *

ಹಾಗಂತ ನನಗೆ ಈ ಸಂಸ್ಥೆಗಳ ಬಗ್ಗೆ ತಕರಾರೇ ಇಲ್ಲ ಅಂತಲ್ಲ. ಮೂರು ಇದೆ, ಹೇಳಿಬಿಡ್ತೀನಿ.

ಒಂದು, ಕನ್ನಡ. ಉರ್ದು ಅವರ ಮನೆಮಾತು, ಅದನ್ನ ಓದಲಿ, ಬರೀಲಿ. ಆದ್ರೆ ಏಳನೇ ಕ್ಲಾಸಿನವರೆಗೆ ಕನ್ನಡವನ್ನ ಕಾಟಾಚಾರಕ್ಕೆ ಕಲಿಸಿ, ಆಮೇಲೆ ಕನ್ನಡ ಶಾಲೆಗೆ ತಳ್ಳಿದ್ರೆ ನನ್ನ ಗೆಳೆಯನಂಥ ಬುದ್ಧಿವಂತರೆಲ್ಲ ಫೇಲಾಗ್ತಾರೆ. ಬಾನು ಮುಷ್ತಾಕ್ ಅವರ ಬಾಲ್ಯ ನೆನಪು ಮಾಡಿಕೊಳ್ಳಿ. ಎಂಟು ವರ್ಷದ ಹುಡುಗಿಯನ್ನ ಶಿವಮೊಗ್ಗದ ಒಂದು ಮಿಶನ್ ಕನ್ನಡ ಶಾಲೆಗೆ ಸೇರಿಸುವಾಗ, ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲೀಬೇಕು ಅಂತ ಷರತ್ತು ಹಾಕಿದ್ರಂತೆ. ಕೆಲವೇ ದಿನಗಳಲ್ಲಿ ಕಲಿತುಬಿಟ್ರು. 2025ರ ಮೇನಲ್ಲಿ ಅವರ ಕನ್ನಡ ಕತೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಬಂತು. ಕ್ರೈಸ್ತರ ಶಾಲೆ, ಮುಸ್ಲಿಂ ಹುಡುಗಿ, ಕನ್ನಡ ಭಾಷೆ. ನಮ್ಮ ಜಿಲ್ಲೆಯ ಒಂದು ಬೆಂಚು ಕೊಟ್ಟ ಫಲ ಅದು. ಪ್ರತಿ ಅಂಜುಮನ್ ಶಾಲೆಯಲ್ಲಿ ಊರಿನ ಅತ್ಯುತ್ತಮ ಕನ್ನಡ ಮೇಷ್ಟ್ರು ಇರಬೇಕು. ಇದು ಕನ್ನಡದ ಉಪಕಾರಕ್ಕೆ ಅಲ್ಲ, ಆ ಮಕ್ಕಳ ಉಪಕಾರಕ್ಕೆ.

ಎರಡು, ದೊಡ್ಡ ಕೆಲಸವೆಲ್ಲ ದೊಡ್ಡ ಊರುಗಳಲ್ಲೇ. ಬೆಂಗಳೂರು, ಬೀದರ್, ಭಟ್ಕಳ, ಹುಬ್ಬಳ್ಳಿ. ಸೊರಬ, ಶಿಕಾರಿಪುರದಂಥ ತಾಲ್ಲೂಕಿನ ಹುಡುಗಿಗೆ ಬೇಕಾಗಿರೋದು ಇಂಜಿನಿಯರಿಂಗ್ ಕಾಲೇಜಲ್ಲ. ಹತ್ತು ಹಾಸಿಗೆಯ ಒಂದು ಹಾಸ್ಟೆಲು, ಒಬ್ಬರು ವಾರ್ಡನ್. ಅದನ್ನ ಕಟ್ಟಿದ್ರೆ ಮೊದಲ ದಿನದಿಂದಲೇ ಎಲ್ಲ ಜಾತಿಯ ಹುಡುಗಿಯರಿಗೂ ಜಾಗ ಇಡಲಿ.

ಮೂರು, ಕಮಿಟಿಗಳಲ್ಲಿ ಬರೀ ಗಂಡಸರು. ಶಾಲೆಗೆ ಹೋಗ್ಬೇಕಾದವರು ಹೆಣ್ಣುಮಕ್ಕಳು, ತೀರ್ಮಾನ ಮಾಡೋರು ಮಾತ್ರ ಅಪ್ಪಂದಿರು, ಅಜ್ಜಂದಿರು. ಇದು ನಮ್ಮ ಜಾತಿ ಸಂಘಗಳಿಗೂ ಅಷ್ಟೇ ಸಲ್ಲುತ್ತೆ, ಗೊತ್ತು.

ಆದ್ರೆ ಈ ಮೂರನ್ನೂ ಹೇಳೋ ಯೋಗ್ಯತೆ ನನಗೆ ಯಾವಾಗ ಬರುತ್ತೆ? ಅವರ ಮಕ್ಕಳಿಗೆ ನನ್ನ ಮನೆಯಲ್ಲಿ ಜಾಗ ಕೊಟ್ಟ ಮೇಲೆ. ಅಲ್ಲಿಯವರೆಗೆ ಇದು ಬಿಟ್ಟಿ ಉಪದೇಶ.

* * *

ವಾಪಸ್ ಬರೋ ದಿನ ಬಳ್ಳಿಗಾವಿಗೆ ಹೋಗಿದ್ದೆ. ಶಿರಾಳಕೊಪ್ಪದ ಮಗ್ಗುಲಲ್ಲೇ ಇದೆ. ಕೇದಾರೇಶ್ವರ ದೇವಸ್ಥಾನದ ಹತ್ತಿರ ಇದ್ದ ಕೋಡಿಯಮಠದ ಬಗ್ಗೆ 1162ರ ಒಂದು ಶಾಸನ ಇದೆ. ಆ ಮಠದಲ್ಲಿ ಏನೇನು ಕಲಿಸ್ತಿದ್ರು ಅಂತ ಅದು ಪಟ್ಟಿ ಕೊಡುತ್ತೆ: ನಾಲ್ಕೂ ವೇದ, ಹಲವು ವ್ಯಾಕರಣಗಳು, ದರ್ಶನಗಳು. ಆಮೇಲೆ ಅಲ್ಲಿ ಯಾರ್ಯಾರಿಗೆ ಅನ್ನ ಸಿಗ್ತಿತ್ತು ಅಂತ ಇನ್ನೊಂದು ಪಟ್ಟಿ: ದೀನರು, ಕುರುಡರು, ಕಿವುಡರು, ಹಾಡುವವರು, ಕತೆ ಹೇಳುವವರು, ಬೇರೆ ಬೇರೆ ಪಂಥದ ಸನ್ಯಾಸಿಗಳು, ಜೈನ ಕ್ಷಪಣಕರು ಕೂಡ. ರೋಗಿಗಳಿಗೆ ಔಷಧವೂ ಇತ್ತು. ಅದು ಕಾಳಾಮುಖ ಶೈವರ ಮಠ. ಒಂದು ಪಂಥದವರು ನಡೆಸಿದ ಸಂಸ್ಥೆ, ಬಾಗಿಲು ಎಲ್ಲರಿಗೆ. ಆ ಕಾಲ ಎಲ್ಲ ರೀತಿಯಲ್ಲೂ ಚೆನ್ನಾಗಿತ್ತು ಅಂತ ನಾನು ಹೇಳೋದಿಲ್ಲ. ಆದ್ರೆ ಸಮುದಾಯದ ಸಂಸ್ಥೆ ಅಂದ್ರೆ ಹೇಗಿರಬೇಕು ಅಂತ ನಮ್ಮೂರಿನ ಕಲ್ಲಿನ ಮೇಲೇ ಕೆತ್ತಿಟ್ಟಿದ್ದಾರೆ. ಅದನ್ನ ಓದೋಕೆ ಟ್ರಿನಿಡಾಡಿಗೆ ಹೋಗಿ ಬರಬೇಕಾಗಿಲ್ಲ.

ಈ ಎರಡು ತಾಲ್ಲೂಕು ರಾಜ್ಯಕ್ಕೆ ಬಂಗಾರಪ್ಪ, ಯಡಿಯೂರಪ್ಪ ಅಂತ ಇಬ್ಬರು ಮುಖ್ಯಮಂತ್ರಿಗಳನ್ನ ಕೊಟ್ಟಿವೆ. ಅಲ್ಲಮ, ಅಕ್ಕ ಇಲ್ಲಿಯವರೇ ಅಂತ ಎದೆ ಉಬ್ಬಿಸಿ ಹೇಳ್ತೀವಿ. ಓದೋಕೆ ಬಂದ ಎರಡು ಹುಡುಗೀರು, ಒಬ್ಬ ಅಜ್ಜಿಗೆ ಎರಡು ಕೋಣೆ ಕೊಡೋಕೆ ಆಗಲಿಲ್ಲ.

ನಿನ್ನೆ ರಾತ್ರಿ ಅಣ್ಣನಿಗೆ ಮತ್ತೆ ಫೋನ್ ಮಾಡಿದೆ. ಹಿಂದಿನ ಭಾಗ ನನ್ನದು, ನಾನು ಕೊಡ್ತೀನಿ, ಓಣಿಯವರು ಕೇಳಿದ್ರೆ ನನ್ನ ನಂಬರ್ ಕೊಡು ಅಂದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಬಚ್ಚಲಿನ ನಲ್ಲಿ ಕೆಟ್ಟಿದೆ, ಅದನ್ನ ಯಾರು ರಿಪೇರಿ ಮಾಡಿಸ್ತಾರೆ?" ಅಂತ ಕೇಳಿದ. ಅದು ಒಪ್ಪಿಗೆಯೋ, ಇನ್ನೊಂದು ನೆಪವೋ, ಅಣ್ಣನ ಜೊತೆ ನಲವತ್ತು ವರ್ಷ ಬೆಳೆದ ನನಗೂ ಗೊತ್ತಾಗಲಿಲ್ಲ.

ಬರೋ ಭಾನುವಾರ ಹೋಗ್ತಿದೀನಿ. ನಲ್ಲಿ ರಿಪೇರಿ ಮಾಡಿಸಬೇಕು. ಅದಕ್ಕೆ ಮುಂಚೆ ಶಿರಾಳಕೊಪ್ಪದಲ್ಲಿ ಇಳಿದು, ಆವತ್ತು ಹೇಳಿದ್ದು ಸುಳ್ಳು ಅಂತ ಗೆಳೆಯನ ಮುಂದೆ ಒಪ್ಪಿಕೊಳ್ಳಬೇಕು. ಅಷ್ಟು ಹೊತ್ತಿಗೆ ಅವನು ಬೇರೆ ಕೋಣೆ ಹುಡುಕಿರಬಹುದು, ಅಥವಾ ಹುಡುಗಿಯನ್ನ ಹತ್ತಿರದ ಕಾಲೇಜಿನಲ್ಲಿ ಸಿಕ್ಕಿದ ಕೋರ್ಸಿಗೆ ಸೇರಿಸಿರಬಹುದು. ಅದು ನೆನೆಸಿಕೊಂಡರೆ ಭಯ ಆಗುತ್ತೆ.

ನಿಮ್ಮ ಊರಲ್ಲೂ ಎಲ್ಲೋ ಒಂದು ಖಾಲಿ ಕೋಣೆ ಇದ್ದೇ ಇರುತ್ತೆ. ಅದರ ಬಾಗಿಲಿಗೆ ಯಾರಾದ್ರೂ ಬಂದು ಕೇಳಿದಾಗ ನೀವೇನು ಹೇಳಿದ್ರಿ? ಬೈಯೋಕೆ ಅಂತ ಅಲ್ಲ, ನಿಜವಾಗ್ಲೂ ತಿಳ್ಕೋಬೇಕು ಅಂತ ಕೇಳ್ತಿದೀನಿ. ಬರೀರಿ.